ಪದಚರ್ಚೆ: ವೈಸ್ ಅಡ್ಮಿರಲ್‌ಗೆ ‘ಉಪ’ ಹಚ್ಚಬಹುದೇ?

ಗೆಳೆಯರೆ,

ಪ್ರೌಢಶಾಲೆಯ ಮಕ್ಕಳಿಗೆಂದು ರಾಮದಾಸ್ ಕಟಾರಿಯವರ ಎರಡು ಪುಟದ ಪರಿಚಯ ಬರೆಯುತ್ತಿದ್ದೇನೆ. 1911ರಲ್ಲಿ ಚೆಂಗಲ್ಪಟ್ಟಿನಲ್ಲಿ ಹುಟ್ಟಿ, ‘ಡಫರಿನ್’ ತರಬೇತಿ ಹಡಗಿನ ಮೊದಲ ತಂಡದಲ್ಲಿ ಕಲಿತು, 1958ರ ಏಪ್ರಿಲ್ 22ರಂದು ನಮ್ಮ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದರೂ ಅಲ್ಲಿಯ ತನಕ ಆ ಕುರ್ಚಿಯಲ್ಲಿ ಕೂರುತ್ತಿದ್ದವರು ಬ್ರಿಟಿಷರೇ. ನಿವೃತ್ತಿಯ ಬಳಿಕ ಕಟಾರಿ ಬರ್ಮಾಕ್ಕೆ ಭಾರತದ ರಾಯಭಾರಿಯಾಗಿ ಹೋದರು. ಕಥೆ ಹೇಳಲು ಸುಲಭ. ಸಿಕ್ಕಿಕೊಂಡಿರುವುದು ಪದಗಳಲ್ಲಿ.

ಮೊದಲ ಸಿಕ್ಕು ಅವರ ಹುದ್ದೆಯದೇ. ಮುಖ್ಯಸ್ಥರಾಗಿದ್ದಾಗ ಅವರು ವೈಸ್ ಅಡ್ಮಿರಲ್. ನನ್ನ ಕರಡು ನೋಡಿದ ಒಬ್ಬ ಹಿರಿಯರು ಅದನ್ನು ‘ಉಪ ನೌಕಾಧಿಪತಿ’ ಎಂದು ತಿದ್ದಿಕೊಟ್ಟರು. ವೈಸ್ ಪ್ರೆಸಿಡೆಂಟ್ ಉಪರಾಷ್ಟ್ರಪತಿ, ವೈಸ್ ಚಾನ್ಸಲರ್ ಉಪಕುಲಪತಿ, ಹಾಗಾದರೆ ಇದೂ ‘ಉಪ’ ಅಲ್ಲವೇ ಎಂಬುದು ಅವರ ವಾದ. ಆದರೆ ಹಾಗೆ ಬರೆದರೆ ಓದುವ ಹುಡುಗಿ ಕೇಳುತ್ತಾಳೆ: ಇವರು ಉಪವಾದರೆ ಮೇಲಿನವರು ಯಾರು? ಯಾರೂ ಇಲ್ಲ! ಆಗ ಇಡೀ ಪಡೆಗೆ ಅವರೇ ದೊಡ್ಡವರು. ನಮ್ಮ ನೌಕಾಪಡೆಯ ಮುಖ್ಯಸ್ಥರಿಗೆ ಪೂರ್ಣ ಅಡ್ಮಿರಲ್ ದರ್ಜೆ ಸಿಕ್ಕಿದ್ದು 1968ರಲ್ಲಿ, ಚಟರ್ಜಿಯವರ ಕಾಲಕ್ಕೆ. ವೈಸ್ ಅಡ್ಮಿರಲ್ ಎಂಬುದು ಭೂಸೇನೆಯ ಲೆಫ್ಟಿನೆಂಟ್ ಜನರಲ್‌ಗೆ ಸಮನಾದ ದರ್ಜೆ, ಯಾರದೋ ಸಹಾಯಕನ ಹುದ್ದೆಯಲ್ಲ.

ಈ ಹೆಸರುಗಳ ಹುಟ್ಟು ನೋಡಿದರೆ ಇನ್ನೂ ಚೆಂದ. ಹಾಯಿಹಡಗುಗಳ ಕಾಲದಲ್ಲಿ ಇಂಗ್ಲಿಷರ ನೌಕಾಬಲ ಮೂರು ಭಾಗವಾಗಿ ಸಾಗುತ್ತಿತ್ತು. ನಡುವೆ ಅಡ್ಮಿರಲ್, ಮುಂದಿನ ಭಾಗಕ್ಕೆ ವೈಸ್ ಅಡ್ಮಿರಲ್, ಹಿಂದಿನದಕ್ಕೆ ರಿಯರ್ ಅಡ್ಮಿರಲ್. ಮುಂದಿನ ಭಾಗ ಎಂದರೆ ನಮ್ಮ ‘ಚೂಣಿ’ಯೇ, ಮುಂಚೂಣಿಯ ಚೂಣಿ. ಆ ಲೆಕ್ಕದಲ್ಲಿ ‘ಚೂಣಿಯ ಅಡ್ಮಿರಲ್’ ಎನ್ನಬಹುದಿತ್ತು, ಆದರೆ ಅಷ್ಟು ಧೈರ್ಯ ನನಗಿಲ್ಲ. ಅಂದಹಾಗೆ ‘ಅಡ್ಮಿರಲ್’ ಕೂಡ ಅರಬ್ಬಿಯ ‘ಅಮೀರ್’ನಿಂದ ಬಂದದ್ದು. ಇಂಗ್ಲಿಷರೇ ಕಡ ತಂದ ಪದವನ್ನು ನಾವೂ ಕಡ ತಂದರೆ ಮಡಿವಂತಿಕೆ ಯಾಕೆ? ‘ವೈಸ್ ಅಡ್ಮಿರಲ್’ ಎಂದೇ ಇಟ್ಟುಬಿಡೋಣ ಎಂದು ನನ್ನ ಮನಸ್ಸು.

ಎರಡನೆಯದು ನಗೆಗೇಡಿನದು. ‘ಎರಡನೆಯ ಮಹಾಯುದ್ಧ ಶುರುವಾದಾಗ ಮೀಸಲು ನೌಕಾದಳದಲ್ಲಿ ಕಮಿಷನ್ ಪಡೆದರು’ ಎಂದು ಬರೆದಿದ್ದೆ. ಮನೆಯಲ್ಲಿ ಓದಿಸಿದರೆ, “ಎಷ್ಟು ಪರ್ಸೆಂಟ್?” ಎಂಬ ಪ್ರಶ್ನೆ ಬಂತು. ಕನ್ನಡದಲ್ಲಿ ಕಮಿಷನ್ ಎಂದರೆ ದಲ್ಲಾಳಿಯ ಪಾಲು, ಅಷ್ಟೇ. ‘ಅಧಿಕಾರಿಯಾಗಿ ನೇಮಕಗೊಂಡರು’ ಎಂದು ಬದಲಿಸಿದೆ. ಹಡಗಿನ ಕಮಿಷನ್ ಬೇರೆ ತಲೆನೋವು. ಕಟಾರಿಯವರ ಅವಧಿಯಲ್ಲಿ, 1961ರ ಮಾರ್ಚ್ 4ರಂದು, ಬೆಲ್‌ಫಾಸ್ಟ್‌ನಲ್ಲಿ ‘ವಿಕ್ರಾಂತ್’ ಕಮಿಷನ್ ಆಯಿತು. ಕೆಲವರು ‘ಲೋಕಾರ್ಪಣೆ’ ಎನ್ನುತ್ತಾರೆ. ಪುಸ್ತಕಕ್ಕೂ ಯುದ್ಧನೌಕೆಗೂ ಒಂದೇ ಪದವೇ? ವಿಮಾನವಾಹಕ ನೌಕೆಯನ್ನು ಯಾವ ಲೋಕಕ್ಕೆ ಅರ್ಪಿಸುವುದು? ‘ಪಡೆಗೆ ಸೇರಿತು’ ಸಾಕು ಅನ್ನಿಸುತ್ತದೆ.

‘ಕ್ಯಾಪ್ಟನ್’ ಬಗ್ಗೆ ಒಂದೇ ಮಾತು. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ, ಭೂಸೇನೆಯ ಕ್ಯಾಪ್ಟನ್ ನೌಕಾಪಡೆಯ ಲೆಫ್ಟಿನೆಂಟ್‌ಗೆ ಸಮ. ಎರಡನ್ನೂ ‘ದಳಪತಿ’ ಎಂದು ಒಂದೇ ಬುಟ್ಟಿಗೆ ಹಾಕುವವರು ದಯವಿಟ್ಟು ನಿಲ್ಲಿಸಬೇಕು.

ಇನ್ನು ಬದುಕಿನ ಎರಡನೆಯ ಭಾಗ. ‘ರಾಯಭಾರಿ’ ಒಳ್ಳೆಯ ಪದ. ಕೃಷ್ಣ ಹಸ್ತಿನಾವತಿಗೆ ಹೋದ ಕಥೆ ಕೇಳಿದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಸಾಬೂನಿಗೂ ಸಿಮೆಂಟಿಗೂ ‘ಪ್ರಚಾರ ರಾಯಭಾರಿ’ಗಳು ಹುಟ್ಟಿ ತೂಕ ಇಳಿದಿದೆ, ಇರಲಿ. ತಕರಾರು ಇರುವುದು ಹೈಕಮಿಷನರ್ ವಿಚಾರದಲ್ಲಿ. ಇನ್ನೊಬ್ಬ ನೌಕಾ ಮುಖ್ಯಸ್ಥ ಆಸ್ಕರ್ ಸ್ಟ್ಯಾನ್ಲಿ ಡಾಸನ್ ನಿವೃತ್ತಿಯ ನಂತರ ನ್ಯೂಜಿಲೆಂಡ್‌ಗೆ ಹೋದದ್ದು ಹೈಕಮಿಷನರ್ ಆಗಿ. ಕಟಾರಿ ರಂಗೂನಿಗೆ ಹೋದದ್ದು ರಾಯಭಾರಿಯಾಗಿ. ಕೆಲಸ ಒಂದೇ, ಹೆಸರು ಎರಡು. ಕಾಮನ್‌ವೆಲ್ತ್ ದೇಶಗಳು ತಮ್ಮತಮ್ಮೊಳಗೆ ಕಳಿಸಿಕೊಳ್ಳುವವರು ಹೈಕಮಿಷನರ್. ಬರ್ಮಾ 1948ರಲ್ಲಿ ಸ್ವತಂತ್ರವಾದಾಗಲೇ ಕಾಮನ್‌ವೆಲ್ತ್ ಬೇಡವೆಂದಿತ್ತು, ಹಾಗಾಗಿ ಅಲ್ಲಿಗೆ ರಾಯಭಾರಿ. ನಮ್ಮ ಪತ್ರಿಕೆಗಳು ಇಬ್ಬರನ್ನೂ ರಾಯಭಾರಿ ಎಂದೇ ಬರೆಯುತ್ತವೆ. ಅದು ತಪ್ಪೋ, ಕನ್ನಡದ ಜಾಣತನವೋ ನೀವೇ ಹೇಳಿ. ‘ಉಚ್ಚಾಯುಕ್ತ’ ಎಂಬ ಹಿಂದಿಯ ಪದ ಮಾತ್ರ ನನ್ನ ನಾಲಿಗೆಗೆ ಹೊಂದುವುದಿಲ್ಲ.

‘ರಾಜತಾಂತ್ರಿಕ’ದ ಮೇಲೂ ನನಗೆ ಅನುಮಾನ. ಅದರಲ್ಲಿ ತಂತ್ರವೇ ಎದ್ದು ಕಾಣುತ್ತದೆ, ಹೂಟ ಹೂಡುವವನಂತೆ. ಕಟಾರಿ ಬರ್ಮಾಕ್ಕೆ ಹೋದ ಹೊತ್ತು ಎಂಥದು ನೋಡಿ: 1962ರಲ್ಲಿ ನೆ ವಿನ್ ಸೇನಾಡಳಿತ ಬಂದಿತ್ತು, ಅಂಗಡಿ ಮುಂಗಟ್ಟುಗಳೆಲ್ಲ ಸರ್ಕಾರದ ವಶವಾಗಿ, ತಲೆಮಾರುಗಳಿಂದ ಅಲ್ಲಿ ಬಾಳಿದ್ದ ಭಾರತೀಯರು ಲಕ್ಷಗಟ್ಟಲೆ ಬರಿಗೈಯಲ್ಲಿ ಹಡಗು ಹತ್ತುತ್ತಿದ್ದರು. ಅಂಥ ಊರಿನಲ್ಲಿ ರಾಯಭಾರಿಯ ಕೆಲಸ ತಂತ್ರಕ್ಕಿಂತ ತಾಳ್ಮೆಯದು.

ಇಲ್ಲಿಗೆ ಬಂದಾಗ ನೆನಪಾದದ್ದು ಶಾಸನಗಳ ‘ಸಂಧಿವಿಗ್ರಹಿ’. ಸಂಧಿ ಎಂದರೆ ಒಪ್ಪಂದ, ವಿಗ್ರಹ ಎಂದರೆ ಯುದ್ಧ, ಎರಡನ್ನೂ ನೋಡಿಕೊಳ್ಳುವವನು. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಹೊಯ್ಸಳ ವಿಷ್ಣುವರ್ಧನನ ಪುಣಿಸಮಯ್ಯ ಸಂಧಿವಿಗ್ರಹಿಯೂ ಹೌದು, ದಂಡನಾಯಕನೂ ಹೌದು. ಅಂದರೆ ಪಡೆ ನಡೆಸಿದವನೇ ಪರರಾಜರೊಡನೆ ಮಾತಿಗೂ ಕೂರುವುದು ನಮ್ಮವರಿಗೆ ಸೋಜಿಗವಾಗಿರಲಿಲ್ಲ, ಅದಕ್ಕೊಂದು ಪದವೇ ಇತ್ತು. 1961ರ ಡಿಸೆಂಬರಿನಲ್ಲಿ, ಗೋವಾ ವಿಮೋಚನೆಯ ವೇಳೆ, ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ‘ಮೈಸೂರು’, ‘ತ್ರಿಶೂಲ್’ ನೌಕೆಗಳು ಹೋದಾಗ ಪಡೆಯ ಮುಖ್ಯಸ್ಥರಾಗಿದ್ದ ವ್ಯಕ್ತಿ ಕೆಲವೇ ವರ್ಷಗಳಲ್ಲಿ ರಂಗೂನಿನಲ್ಲಿ ರಾಯಭಾರಿ. ಇದಕ್ಕಿಂತ ಸರಿಯಾದ ಸಂಧಿವಿಗ್ರಹಿ ಬೇಕೇ? ಆದರೆ ಇವತ್ತಿನ ಮಕ್ಕಳಿಗೆ ಸಂಧಿ ಎಂದರೆ ಲೋಪ, ಆಗಮ, ಆದೇಶ; ವಿಗ್ರಹ ಎಂದರೆ ಗುಡಿಯೊಳಗಿನದು, ಇಲ್ಲವೇ ಸಮಾಸ ಬಿಡಿಸುವ ವಾಕ್ಯ. ತಲೆಬರಹಕ್ಕೆ ‘ಕಡಲ ಸಂಧಿವಿಗ್ರಹಿ’ ಎಂದು ಹಾಕಿ ಒಳಗೆ ಬಿಡಿಸಿ ಹೇಳಿದರೆ ನಡೆದೀತೇ, ಇಲ್ಲ ವ್ಯಾಕರಣದ ಪಾಠವೆಂದು ಪುಟ ಮಗುಚಿಬಿಡುತ್ತಾರೋ?

ಕೊನೆಯದಾಗಿ, ನಿಜಕ್ಕೂ ಉತ್ತರ ಬೇಕಿರುವ ಪ್ರಶ್ನೆ. ಯುದ್ಧಕ್ಕೆ ಮುಂಚೆ ಕಟಾರಿ ಕೆಲಸ ಮಾಡಿದ್ದು ಹೂಗ್ಲಿ ನದಿಯಲ್ಲಿ. ಆ ನದಿಗೆ ಬರುವ ಹಡಗಿಗೆ ಪೈಲಟ್ ಬೇಕು. ವಿಮಾನದ ಪೈಲಟ್ ಅಲ್ಲ. ಹೂಗ್ಲಿಯ ಮರಳದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ, ಹೊಸಬ ಕಪ್ತಾನನಿಗೆ ದಾರಿ ಗೊತ್ತಾಗುವುದಿಲ್ಲ. ನದಿಯ ಮರ್ಮ ಬಲ್ಲವನೊಬ್ಬ ಹಡಗು ಹತ್ತಿ ಕಲ್ಕತ್ತೆಯ ತನಕ ದಾಟಿಸುತ್ತಾನೆ. ‘ಕರ್ಣಧಾರ’ ಎಂದರೆ ಚುಕ್ಕಾಣಿ ಹಿಡಿದವನಾದ, ಇವನು ಹಿಡಿಸುವವನು. ‘ತಾಂಡೇಲ’ ದೋಣಿಯ ಯಜಮಾನನಾದ, ಇವನಿಗೆ ಹಡಗು ತನ್ನದಲ್ಲ. ‘ಮಾರ್ಗದರ್ಶಿ’ ಎಂದರೆ ಪಿಎಚ್‌ಡಿ ಮಾಡಿಸುವವರು ನೆನಪಾಗುತ್ತಾರೆ. ಮಂಗಳೂರು, ಕಾರವಾರದ ಬಂದರುಗಳಲ್ಲಿ ಕೆಲಸ ಮಾಡಿದವರು, ಅಥವಾ ಅಂಥವರ ಮನೆಯವರು ಇಲ್ಲಿದ್ದರೆ ತಿಳಿಸಿ: ಹೊರಗಿನಿಂದ ಬಂದ ಹಡಗನ್ನು ಅಳಿವೆಯೊಳಗೆ ತಂದು ಕಟ್ಟಿಸುವವನಿಗೆ ನಿಮ್ಮ ಕಡೆ ಏನೆಂದು ಕರೆಯುತ್ತಾರೆ?