ಮೂರು ರ‍್ಯಾಮ್ ಹೋದವು, ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ: ಅನುಭವ ಇರುವವರು ತಿಳಿಸಿ

ಕೇಳಿದವರು, ಸಾಗರದ ಹತ್ತಿರದಿಂದ:

ನಮಸ್ಕಾರ. ನನ್ನದೊಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಇರುವುದು ಒಂದೇ ಡೆಸ್ಕ್‌ಟಾಪ್. 14 ತಿಂಗಳಲ್ಲಿ ಮೂರು ಡಿಡಿಆರ್4 ರ‍್ಯಾಮ್ ಬದಲಿಸಿದ್ದೇನೆ, ಎಲ್ಲವೂ 8 ಜಿಬಿಯ ಮೆಮೊರಿ ಪಟ್ಟಿಗಳು. ಪ್ರತಿ ಸಲವೂ ಒಂದೇ ಕಥೆ. ಮೊದಲು ಕೆಲಸದ ನಡುವೆ ನೀಲಿ ಪರದೆ ಬರುತ್ತದೆ, ಕೆಲವು ದಿನ ಕಳೆದ ಮೇಲೆ ಬರೀ ಬೀಪ್ ಸದ್ದು. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಎನ್ನುತ್ತದೆ. ಕಳೆದ ವಾರ ಒಂದು ಮದುವೆಯ ಆಮಂತ್ರಣ ಪತ್ರಿಕೆಯ ಫೈಲು ತೆರೆಯಲೇ ಇಲ್ಲ, ರಾತ್ರಿಯೆಲ್ಲ ಕುಳಿತು ಮತ್ತೆ ಟೈಪ್ ಮಾಡಿಕೊಟ್ಟೆ. ರಿಪೇರಿಯವರು ಈಗ ಮದರ್‌ಬೋರ್ಡ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?

ಶಿವಮೊಗ್ಗದಿಂದ, 17 ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿರುವವರು:

ಸದ್ಯಕ್ಕೆ ಮದರ್‌ಬೋರ್ಡೂ ಬೇಡ, ನಾಲ್ಕನೆಯ ರ‍್ಯಾಮೂ ಬೇಡ. ಮೊದಲು ನಿಮ್ಮ ಫೈಲುಗಳನ್ನು ಉಳಿಸಿಕೊಳ್ಳಿ. ರ‍್ಯಾಮ್ ಕೆಟ್ಟಿರುವ ಯಂತ್ರದಲ್ಲಿ ಫೈಲು ತೆರೆದು ಸೇವ್ ಮಾಡಿದರೆ ಕೆಟ್ಟ ಅಕ್ಷರವೇ ಡಿಸ್ಕಿಗೆ ಹೋಗಿ ಕೂರುತ್ತದೆ. ಪೆನ್ ಡ್ರೈವ್‌ಗೆ ನಕಲು ಮಾಡುವಾಗಲೂ ದತ್ತಾಂಶ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದ ಡಿಸ್ಕನ್ನು ಬಿಚ್ಚಿ, ಬೇರೆ ಕಂಪ್ಯೂಟರಿಗೆ ಜೋಡಿಸಿ ನಕಲು ತೆಗೆಯಿರಿ.

ಈಗ ಆ ಜುಂ ಎನ್ನುವುದರ ವಿಷಯ. ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆ) ಒಳಗೆ, ವಿದ್ಯುತ್ ಬರುವ ಬಾಯಿಯಲ್ಲೇ, ಫೇಸ್‌ನಿಂದ ಒಂದು ಮತ್ತು ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಕವಚಕ್ಕೆ ಸೇರಿರುತ್ತವೆ. ವಿದ್ಯುತ್ತಿನ ಗದ್ದಲವನ್ನು ತಡೆಯುವುದು ಅವುಗಳ ಕೆಲಸ. ಅವುಗಳ ಮೂಲಕ ಸೋರುವ ಚೂರು ಕರೆಂಟು ಅರ್ತಿಂಗ್ ತಂತಿ ಇದ್ದರೆ ಸೀದಾ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್ ನಿಮ್ಮ ಕ್ಯಾಬಿನೆಟ್ ಮೇಲೆ ನಿಲ್ಲುತ್ತದೆ. ಕರೆಂಟು ತೀರಾ ಕಡಿಮೆ ಇರುವುದರಿಂದ ಕೈ ಜುಮುಗುಟ್ಟುತ್ತದೆ, ಅಷ್ಟೆ. ಆದರೆ ಪ್ರಿಂಟರ್ ಕೇಬಲ್ ಚುಚ್ಚುವ ಕ್ಷಣದಲ್ಲಿ ಆ ಕರೆಂಟು ಸಿಗ್ನಲ್ ತಂತಿಯಲ್ಲಿ ಹರಿಯಬಹುದು. ಡಿಡಿಆರ್4 ನಡೆಯುವುದು 1.2 ವೋಲ್ಟಿನಲ್ಲಿ ಎಂಬುದನ್ನು ನೆನಪಿಡಿ. ಇದೊಂದೇ ನಿಮ್ಮ ಮೂರು ರ‍್ಯಾಮ್‌ಗಳನ್ನು ಸುಟ್ಟಿತು ಎಂದು ನಾನು ಹೇಳುವುದಿಲ್ಲ. ಆದರೆ ಅರ್ತಿಂಗ್ ಕೆಟ್ಟ ಕಡೆ ನ್ಯೂಟ್ರಲ್ ಕೂಡ ಸಡಿಲವಾಗಿರುವುದನ್ನು ಬಹಳ ಸಲ ಕಂಡಿದ್ದೇನೆ. ಮೂರು ಫೇಸಿನ ಕಟ್ಟಡದಲ್ಲಿ ನ್ಯೂಟ್ರಲ್ ಕಡಿದರೆ ನಿಮ್ಮ ಸಾಕೆಟ್ಟಿಗೆ 300 ವೋಲ್ಟಿಗೂ ಹೆಚ್ಚು ಬರಬಹುದು.

ಮಲ್ಟಿಮೀಟರ್ ಇಟ್ಟರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು, ಫೇಸ್ ಮತ್ತು ಅರ್ತಿಂಗ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ತಿಂಗ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಆದರೆ ಮೀಟರನ್ನೇ ನಂಬಿ ಕೂರಬೇಡಿ. ಒಂದು ಕಚೇರಿಯಲ್ಲಿ ನನ್ನ ಮೀಟರ್ ಫೇಸ್–ಅರ್ತಿಂಗ್ ನಡುವೆ 228 ತೋರಿಸಿತ್ತು, ಎಲ್ಲ ಸರಿಯಿದೆ ಎಂದೇ ಬರೆದುಕೊಟ್ಟು ಬಂದಿದ್ದೆ. ತಿಂಗಳಲ್ಲಿ ಮತ್ತೊಂದು ಬೋರ್ಡ್ ಹೋಯಿತು. ಈ ಸಲ ಎಲೆಕ್ಟ್ರಿಷಿಯನ್ ಜೊತೆಗಿದ್ದರು. ಅವರು ಅದೇ ಎರಡು ತಂತಿಗಳ ನಡುವೆ 100 ವ್ಯಾಟಿನ ಹಳೆಯ ಬಲ್ಬ್ ಇಟ್ಟರು. ಒಳಗಿನ ಎಳೆ ಆರುತ್ತಿರುವ ಊದುಬತ್ತಿಯ ತುದಿಯಷ್ಟು ಕೆಂಪಾಯಿತು, ಬೆಳಕು ಬರಲಿಲ್ಲ. ಹಿತ್ತಿಲಿನ ಅರ್ತಿಂಗ್ ಗುಂಡಿ ತೆರೆದರೆ ಕೊಳವೆಗೆ ಬಿಗಿದ ಬೋಲ್ಟು ತುಕ್ಕು ಹಿಡಿದು, ತಂತಿ ಕೈಗೇ ಬಂತು. ಮೀಟರ್ ಎಳೆಯುವ ಕರೆಂಟು ಏನೇನೂ ಅಲ್ಲ, ಹಾಗಾಗಿ ತುಕ್ಕಿನ ಮೂಲಕವೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬಿಗೆ ಹೊಟ್ಟೆ ತುಂಬಬೇಕು. ಈ ಪರೀಕ್ಷೆಯನ್ನು ನೀವೇ ಮಾಡಬೇಡಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿದ್ದರೆ ಬಲ್ಬ್ ಇಟ್ಟ ಕೂಡಲೇ ಅದು ಬೀಳುತ್ತದೆ, ಅದು ದೋಷವಲ್ಲ.

ಎಕ್ಸ್‌ಟೆನ್ಷನ್ ಬೋರ್ಡನ್ನೂ ಬಿಚ್ಚಿ ನೋಡಿ. ಮೇಲೆ ಮೂರು ತೂತು, ಒಳಗೆ ಎರಡೇ ತಂತಿ ಇರುವ ಬೋರ್ಡುಗಳು ಪೇಟೆಯಲ್ಲಿ ಬೇಕಾದಷ್ಟಿವೆ.

ಆಮೇಲೆ ಎಸ್‌ಎಂಪಿಎಸ್. ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು: ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್. ಇದರಿಂದಾಚೆ ಹೋದರೆ ಎಸೆಯಿರಿ. ಒಳಗಿದ್ದರೂ ಪಾಸಾಯಿತು ಎಂದುಕೊಳ್ಳಬೇಡಿ. ವಯಸ್ಸಾದ ಕೆಪಾಸಿಟರ್‌ಗಳಿಂದ ಬರುವ ಏರಿಳಿತ ಸಾಧಾರಣ ಮೀಟರಿಗೆ ಕಾಣುವುದಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ವಾರದ ಮಟ್ಟಿಗೆ ಕಡ ತಂದು ಹಾಕಿ ನೋಡುವುದೇ ನಿಜವಾದ ಪರೀಕ್ಷೆ.

ಕಡೂರು ಕಡೆಯಿಂದ, ಪ್ರೌಢಶಾಲೆಯ ಶಿಕ್ಷಕಿ:

ನಮ್ಮ ಶಾಲೆಯ ಲ್ಯಾಬಿನಲ್ಲಿ ರ‍್ಯಾಮ್ ಕೊಂದದ್ದು ನಮ್ಮ ಕೈಗಳೇ. ಶಟ್‌ಡೌನ್ ಮಾಡಿದೆವಲ್ಲ ಎಂದುಕೊಂಡು ಪ್ಲಗ್ ಕೀಳದೆ ರ‍್ಯಾಮ್ ತೆಗೆದು ಹಾಕುತ್ತಿದ್ದೆವು. ಕಂಪ್ಯೂಟರ್ ಆರಿದ್ದರೂ ಎಸ್‌ಎಂಪಿಎಸ್‌ನ ನೇರಳೆ ತಂತಿಯಲ್ಲಿ 5 ವೋಲ್ಟ್ ಬರುತ್ತಲೇ ಇರುತ್ತದೆಯಂತೆ. ಮದರ್‌ಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಹಸಿರು ದೀಪ ಉರಿಯುತ್ತಿತ್ತು, ಅದು ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ. ಹಾಗೆ ಎರಡು ರ‍್ಯಾಮ್ ಕಳೆದೆವು. ಈಗ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಆ ದೀಪ ಪೂರ್ತಿ ಆರಿದ ಮೇಲೆಯೇ ಕೈ ಹಾಕುತ್ತೇವೆ.

ಇನ್ನೊಂದು ಮಾತು. ನಿಮ್ಮ ಮೂರೂ ರ‍್ಯಾಮ್ ಸತ್ತಿವೆ ಎಂದು ಯಾರು ಪರೀಕ್ಷಿಸಿದರು? ಚಿನ್ನದ ಬಣ್ಣದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಪೆನ್ ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಹಾಕಿಕೊಂಡು, ಒಂದೊಂದೇ ರ‍್ಯಾಮನ್ನು ಒಂದೇ ಸ್ಲಾಟಿನಲ್ಲಿಟ್ಟು ರಾತ್ರಿಯಿಡೀ ಓಡಿಸಿ. ಆಮೇಲೆ ಸರಿಯಿರುವ ರ‍್ಯಾಮನ್ನು ಪ್ರತಿ ಸ್ಲಾಟಿಗೂ ಹಾಕಿ ನೋಡಿ. ರ‍್ಯಾಮ್ ಬದಲಿಸಿದಾಗ ದೋಷ ಹೋದರೆ ರ‍್ಯಾಮಿನದು, ಸ್ಲಾಟ್ ಬದಲಿಸಿದಾಗ ಹೋದರೆ ಬೋರ್ಡಿನದು. ದೋಷ ತೋರಿಸುವ ಒಂದೇ ಒಂದು ಕೆಂಪು ಸಾಲು ಬಂದರೂ ಅದನ್ನು ನಿರ್ಲಕ್ಷಿಸಬೇಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಆಗಿದ್ದರೆ ಮೊದಲು ಆಫ್ ಮಾಡಿಕೊಳ್ಳಿ.

ಹುಬ್ಬಳ್ಳಿಯಿಂದ:

ನನ್ನದರಲ್ಲಿ ವಿದ್ಯುತ್ತಿನ ತಪ್ಪೇ ಇರಲಿಲ್ಲ. ಪ್ರೊಸೆಸರ್ ಮೇಲಿನ ಕೂಲರನ್ನು ಒಂದು ಕಡೆ ಹೆಚ್ಚು ಬಿಗಿದಿದ್ದರು, ಎರಡು ಸ್ಲಾಟ್‌ಗಳು ರ‍್ಯಾಮನ್ನು ಗುರುತಿಸುತ್ತಲೇ ಇರಲಿಲ್ಲ. ತಿರುಪು ಸಡಿಲಿಸಿ, ನಾಲ್ಕನ್ನೂ ಅಡ್ಡಡ್ಡವಾಗಿ ಸಮನಾಗಿ ಬಿಗಿದ ಮೇಲೆ ಸರಿಹೋಯಿತು. ಬೋರ್ಡ್ ಬಿಚ್ಚಿದಾಗ ಅದರ ಅಡಿಯಲ್ಲಿ ಬೇಡದ ಹಿತ್ತಾಳೆ ಸ್ಟ್ಯಾಂಡ್ ಯಾವುದಾದರೂ ತಾಗುತ್ತಿದೆಯೇ ಎಂಬುದನ್ನೂ ನೋಡಿ.

ಕೇಳಿದವರು, ಹನ್ನೊಂದು ದಿನಗಳ ನಂತರ:

ಎಲ್ಲರಿಗೂ ಧನ್ಯವಾದ. ಎಲೆಕ್ಟ್ರಿಷಿಯನ್ ಬಲ್ಬ್ ಇಟ್ಟಾಗ ಅದು ಮಿಣಕೂ ಎನ್ನಲಿಲ್ಲ. ನಾಲ್ಕು ವರ್ಷದ ಹಿಂದೆ ಅಂಗಡಿಗೆ ಬಣ್ಣ ಹೊಡೆಸಿದಾಗ ಸ್ವಿಚ್ ಬೋರ್ಡ್ ಬಿಚ್ಚಿದವರು ಹಸಿರು ತಂತಿಯನ್ನು ಮತ್ತೆ ಸೇರಿಸದೆ, ಮಡಚಿ ಒಳಗೆ ತುರುಕಿದ್ದರು. ಅದನ್ನು ಬಿಗಿದ ಮೇಲೆ ಬಲ್ಬ್ ಪೂರ್ತಿ ಉರಿಯಿತು, ಕ್ಯಾಬಿನೆಟ್ ಮುಟ್ಟಿದರೆ ಈಗ ಏನೂ ಇಲ್ಲ. ಎಸ್‌ಎಂಪಿಎಸ್‌ನ ಹಳದಿ ತಂತಿಯಲ್ಲಿ 11.2 ಬರುತ್ತಿತ್ತು, ಅದನ್ನೂ ಬದಲಿಸಿದೆ.

ಡ್ರಾಯರಿನಲ್ಲಿದ್ದ ಹಳೆಯ ರ‍್ಯಾಮ್‌ಗಳನ್ನು ಉಜ್ಜಿ ಮೆಮ್‌ಟೆಸ್ಟ್‌ಗೆ ಹಾಕಿದೆ. ಎರಡು ನಿಜಕ್ಕೂ ಸತ್ತಿವೆ. ಮೂರನೆಯದು ರಾತ್ರಿಯೆಲ್ಲ ಓಡಿದರೂ ಒಂದು ದೋಷವೂ ಬರಲಿಲ್ಲ, ಬೆಳಗ್ಗೆ ಅಂಗಡಿ ತೆರೆದು ಆ ಸೊನ್ನೆ ನೋಡಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಆದರೆ ಅದೇ ರ‍್ಯಾಮನ್ನು ಎರಡನೆಯ ಸ್ಲಾಟಿಗೆ ಹಾಕಿದರೆ ಈಗಲೂ ಕೆಂಪು ಸಾಲುಗಳು ಬರುತ್ತಿವೆ. ಭಾನುವಾರ ಕೂಲರ್ ತಿರುಪು ಸಡಿಲಿಸಿ ನೋಡುತ್ತೇನೆ. ಅಲ್ಲಿಯವರೆಗೆ ಒಂದೇ ಸ್ಲಾಟಿನಲ್ಲಿ ಕೆಲಸ ನಡೆಯುತ್ತಿದೆ.