ಪುಣೆಯ ಮೀನು, ಕಾವೇರಿಯ ಜಗಳ

ಭಾನುವಾರ ಬೆಳಿಗ್ಗೆ ಪುಣೆಯ ಡೆಕ್ಕನ್‌ನ ಅಮೃತತುಲ್ಯ ಚಹಾ ಅಂಗಡಿಯಲ್ಲಿ ಚಹಾ, ಕ್ರೀಮ್‌ರೋಲ್ ಕಟ್ಟಿಸಿಕೊಂಡು ಭಿಡೆ ಸೇತುವೆಯ ಮೇಲೆ ನಿಂತಿದ್ದೆವು. ಶೃಂಗೇರಿಯ ಭಟ್ಟರು, ಕೊಳ್ಳೇಗಾಲದ ಗೌಡರು, ನಾನು. ಕೆಳಗೆ ಮುಠಾ ನದಿ. ನದಿ ಅನ್ನುವುದು ಬರೀ ಮರ್ಯಾದೆಗೆ.

"ನಮ್ಮ ತುಂಗೆಗೆ ಒಂದು ಹಿಡಿ ಮಂಡಕ್ಕಿ ಎಸೆಯಿರಿ, ಮಹಶೀರ್ ಮೀನು ಒಂದರ ಮೇಲೊಂದು ಬೀಳುತ್ತವೆ" ಎಂದರು ಭಟ್ಟರು. "ಅಂಗೈಯಗಲದ ಬಾಯಿ, ನಾಲ್ಕು ಮೀಸೆ, ಈಷ್ಟೀಷ್ಟು ದೊಡ್ಡ ಹುರುಪೆ." ಜನ್ಮದಲ್ಲಿ ಮೀನು ಮುಟ್ಟಿದವರಲ್ಲ, ಮೀಸೆಯ ಲೆಕ್ಕ ಮಾತ್ರ ಪಕ್ಕಾ.

"ಅದು ಈ ಊರಿನದೇ ಭಟ್ರೇ" ಎಂದೆ. "1839ರಲ್ಲಿ ಸೈಕ್ಸ್ ಅನ್ನುವ ಕರ್ನಲ್ ಇದೇ ಮುಳಾ-ಮುಠಾದ ಮೀನು ನೋಡಿ 'ಖುದ್ರಿ' ಅಂತ ಹೆಸರಿಟ್ಟ."

ಗೌಡರ ಕಣ್ಣು ಕೆಂಪಾಯಿತು. "ಓಹೋ, ಕಳ್ಳನ ಊರು ಇದೇನಾ! ನಮ್ಮ ಕಾವೇರಿಯಲ್ಲಿ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ರಾಜನ ಹಾಗಿತ್ತು. 1946ರಲ್ಲಿ ಕಬಿನಿಯಲ್ಲಿ ಸಿಕ್ಕಿದ್ದು 54 ಕೆಜಿ! ಇಲ್ಲೇ ಹತ್ತಿರದ ಲೋನಾವಳದಲ್ಲಿ ಮರಿ ಮಾಡಿಸಿ ಈ ನೀಲಿ ರೆಕ್ಕೆಯ ಖುದ್ರಿಯನ್ನು ತಂದು ಕಾವೇರಿಗೆ ಬಿಟ್ಟರು. ಇವನು ಹೆಚ್ಚಿದ, ನಮ್ಮವನು ಅಳಿವಿನ ಅಂಚಿಗೆ ಬಂದ. ಹೊರಗಿನವರು ಬಂದರೆ ಹೀಗೇ."

"ನೀವು ಪುಣೆಗೆ ಬಂದು ಎಷ್ಟು ವರ್ಷ ಆಯ್ತು ಗೌಡ್ರೇ?" ಎಂದೆ.

"ಇಪ್ಪತ್ತೆರಡು. ಆದರೆ ನಾನು ಯಾರ ತುತ್ತು ಕಸಿದಿದ್ದೇನೆ ಹೇಳಿ?"

ಭಟ್ಟರು ಸುಮ್ನೆ ಗೌಡರ ಕೈ ನೋಡಿದರು. ಅದರಲ್ಲಿದ್ದ ಅರ್ಧ ಕ್ರೀಮ್‌ರೋಲ್ ಭಟ್ಟರದು.

"ಅದಿರಲಿ, ಇಲ್ಲಿ ಈಗ ಒಂದೂ ಕಾಣುವುದಿಲ್ಲವಲ್ಲ?" ಎಂದರು ಗೌಡರು, ಮಾತು ತಿರುಗಿಸುತ್ತಾ.

"ಅದಕ್ಕೆ ಹರಿಯುವ ತಿಳಿನೀರು ಬೇಕು, ಕೆಳಗೆ ಕಲ್ಲು ಬೇಕು, ಬೇಸಿಗೆಗೆ ಆಳವಾದ ಮಡು ಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಮೇಲಕ್ಕೆ ಈಜಿ ಮೊಟ್ಟೆ ಇಡುತ್ತದೆ. ಇಲ್ಲಿಂದ ಮೇಲಕ್ಕೆ ಹೋದರೆ ಖಡಕ್‌ವಾಸ್ಲಾ ಅಣೆಕಟ್ಟು. ಫಾಸ್ಟ್ಯಾಗ್ ಇದ್ದರೂ ಬಿಡುವುದಿಲ್ಲ" ಎಂದೆ.

ಗೌಡರಿಗೆ ನಂಬಿಕೆ ಬರಲಿಲ್ಲ. ರೋಲಿನ ಕೊನೆಯ ಚೂರನ್ನು ನೀರಿಗೆ ಎಸೆದು, ಕಟಕಟೆಗೆ ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಕಿತ್ತಳೆ ಬಣ್ಣದ್ದೇನೋ ಮೇಲೆದ್ದಿತು. "ಬಂತು! ನಮ್ಮದೇ ಬಂತು!"

ಚೆಂಡುಹೂವಿನ ಹಾರ.

"ಮಂಡಕ್ಕಿ ತರಬೇಕಿತ್ತು" ಎಂದರು ಭಟ್ಟರು.