ನೈಲ್ ನದಿಯ ಸಣ್ಣ ಹಡಗು: ಎಲ್ಲಿ ಇಳಿಯೋದು, ಎಲ್ಲಿ ಸುಮ್ನೆ ಕೂರೋದು?

ಕೌಲ್‌ಬಜಾರ್ ಅಕ್ಕ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಈಜಿಪ್ಟಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ಜೊತೆಗೆ ನಮ್ಮ ಅತ್ತೆ. ಅತ್ತೆಗೆ 71 ವರ್ಷ. ಮೊಣಕಾಲು ಸೋತಿದೆ, ಬಾಯಿ ಸೋತಿಲ್ಲ. "ನನ್ನ ಹಡಗಿನ್ಯಾಗ ಕುಂದರಿಸಿ ನೀವಿಬ್ರೂ ತಿರುಗಾಕ ಹೋದ್ರ ನೋಡ್ರಿ ಮತ್ತ" ಅಂತ ಈಗಲೇ ನೋಟಿಸ್ ಕೊಟ್ಟಿದ್ದಾರೆ.

ಮೂರು ವರ್ಷದ ಹಿಂದೆ ಮಗಳು ದೊಡ್ಡ ಕ್ರೂಸ್‌ಗೆ ಕಳಿಸಿದ್ದಳು. ಸಾವಿರಾರು ಜನ. ತಿಂಡಿಗೆ ಪಾಳಿ, ಲಿಫ್ಟಿಗೆ ಪಾಳಿ, ದಡಕ್ಕೆ ಇಳಿಯಲು ಪಾಳಿ. ಸೀಮೆಎಣ್ಣೆಗೆ ಡಬ್ಬ ಹಿಡಿದು ನಿಂತ ದಿನಗಳು ನೆನಪಾದವು. ಅದಕ್ಕೇ ಈ ಸಲ ದಹಾಬಿಯಾ ಅನ್ನೋ ಹಾಯಿ ಹಡಗು ಹಿಡಿದಿದ್ದೇವೆ. ಎಂಟೇ ಕೋಣೆ. ಎಸ್ನಾದಲ್ಲಿ ಹತ್ತಿದರೆ ನಾಲ್ಕು ರಾತ್ರಿ ಕಳೆದು ಅಸ್ವಾನ್‌ನಲ್ಲಿ ಇಳಿಯೋದು. ಅದಕ್ಕೂ ಮೊದಲು ಲಕ್ಸರ್‌ನಲ್ಲಿ ಎರಡು ದಿನ ಹೋಟೆಲ್.

ತಲೆನೋವು ಶುರುವಾಗಿದ್ದು ಏಜೆಂಟ್ ಕಳಿಸಿದ ಪಟ್ಟಿಯಿಂದ. ಎಡ್ಫು, ಕೋಮ್ ಓಂಬೋ ಗುಡಿಗಳು ಪ್ಯಾಕೇಜಿನಲ್ಲೇ ಸೇರಿವೆ. ಬಲೂನ್, ಅಬು ಸಿಂಬೆಲ್ ಗುಡಿ, ಅಸ್ವಾನ್ ಹೈ ಡ್ಯಾಮ್, ನುಬಿಯನ್ ಹಳ್ಳಿ, ಅರ್ಧಕ್ಕೆ ಬಿಟ್ಟ ಯಾವುದೋ ಕಲ್ಲಿನ ಕಂಬ, ಇವಕ್ಕೆಲ್ಲ ಬೇರೆ ದುಡ್ಡು. ಹಡಗಿನೊಳಗೆ ಅಡುಗೆ ಕಲಿಸೋದು, ಬೆಳಗ್ಗೆ ಯೋಗ, ಸಂಜೆ ಇತಿಹಾಸದ ಪಾಠ, ಒಂದು ರಾತ್ರಿ ಅವರ ನಿಲುವಂಗಿ ಹಾಕಿಕೊಂಡು ಕುಣಿಯೋದು. ಎಲ್ಲದಕ್ಕೂ ಟಿಕ್ ಹಾಕಿದರೆ ದುಡ್ಡೂ ಹೋಯಿತು, ಅತ್ತೆಯ ಕಾಲೂ ಹೋಯಿತು. ಮನೆಯವರು ಮಾತ್ರ "ಅಷ್ಟು ದೂರ ಹೋಗಿ ಬಿಡೋದೇನು, ಎಲ್ಲಾ ನೋಡೋಣ" ಅನ್ನುತ್ತಾರೆ. ಹೋಗಿ ಬಂದವರು ಹೇಳಿ, ಯಾವುದು ಬಿಟ್ಟರೆ ಆಮೇಲೆ ಹೊಟ್ಟೆ ಉರಿಯುತ್ತದೆ? ಯಾವುದು ಬಿಟ್ಟರೂ ನಡೆಯುತ್ತದೆ?

ಗುಂಡುಕಲ್ಲು, ಕೊಪ್ಪಳ

ಅಕ್ಕಾರೇ, ನಾನೂ ನಮ್ಮ ಮನೆಯವರೂ ಹೋದ ಫೆಬ್ರವರಿಯಲ್ಲಿ ಇದೇ ದಾರಿಯಲ್ಲಿ ಹೋಗಿ ಬಂದೆವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತು ಸ್ವಲ್ಪ ಕಲ್ಲಿನ ಕಡೆ ವಾಲುತ್ತದೆ. ಕುಷ್ಟಗಿ ಕಡೆಯ ಕ್ವಾರಿಗಳಲ್ಲಿ 22 ವರ್ಷ ಬ್ಲಾಕ್ ಅಳೆದು ಮಾರ್ಕ್ ಹಾಕಿದವನು.

"ಯಾವುದೋ ಕಲ್ಲಿನ ಕಂಬ" ಅಂತ ಬರೆದಿದ್ದೀರಲ್ಲ, ಮೊದಲು ಅದಕ್ಕೇ ಟಿಕ್ ಹಾಕಿ. ಅಸ್ವಾನ್ ಊರೊಳಗೇ ಇದೆ, ದೂರವಿಲ್ಲ. ಕೆಂಪು ಗ್ರಾನೈಟ್ ಬಂಡೆಯಲ್ಲಿ ಮಲಗಿಸಿದ ಹಾಗೇ ಕಡೆದ ಒಬೆಲಿಸ್ಕ್. ಉದ್ದ ಸುಮಾರು 42 ಮೀಟರ್, ತೂಕ ಸಾವಿರ ಟನ್ನಿಗೂ ಜಾಸ್ತಿ. ಸುತ್ತಲೂ ಬಿಡಿಸಿದ್ದಾರೆ, ಅಡಿ ಮಾತ್ರ ಇನ್ನೂ ಬಂಡೆಗೆ ಅಂಟಿಕೊಂಡೇ ಇದೆ. ಕೆಲಸ ನಡೆದಿರುವಾಗಲೇ ಬಿರುಕು ಕಾಣಿಸಿತು, ಬಿಟ್ಟು ಹೋದರು. ಮೂರೂವರೆ ಸಾವಿರ ವರ್ಷದ ಹಿಂದಿನ ಮಾತು.

ಕ್ವಾರಿಯಲ್ಲಿ ನಾವು ಬ್ಲಾಕ್ ಪರೀಕ್ಷೆ ಮಾಡುವುದು ಒಂದು ಬಕೆಟ್ ನೀರಿನಿಂದ. ಮೇಲೆ ಚೆಲ್ಲಿ ಬೀಡಿ ಹಚ್ಚಿ ಕಾಯಬೇಕು. ಬ್ಲಾಕೆಲ್ಲ ಒಣಗುತ್ತದೆ, ಬಿರುಕಿದ್ದ ಕಡೆ ಮಾತ್ರ ಕೂದಲಷ್ಟು ಒಂದು ಕಪ್ಪು ಗೆರೆ ಹಸಿಯಾಗೇ ಉಳಿಯುತ್ತದೆ. ಆ ಗೆರೆ ಕಂಡ ದಿನ ಮಾಲೀಕರ ಮುಖ ನೋಡಲಾಗುತ್ತಿರಲಿಲ್ಲ. ಅದು ಇಪ್ಪತ್ತು ಟನ್ನಿನ ಬ್ಲಾಕಿಗೆ! ಇಲ್ಲಿ ಸಾವಿರ ಟನ್ನು. ಅದೂ ಉಳಿಯಿಂದ ಕಡೆದದ್ದಲ್ಲ. ಡಾಲರೈಟ್ ಗುಂಡುಗಳಿಂದ ಕುಟ್ಟಿ ಕುಟ್ಟಿ ಪುಡಿ ಮಾಡುತ್ತಾ ಹೋಗಿದ್ದಾರೆ. ನಮ್ಮ ಕಡೆ ಬ್ಲಾಕ್ ಗ್ರಾನೈಟ್ ಅಂತ ಮಾರುವ ಕರಿಕಲ್ಲಿನ ಜಾತಿ ಅದು. ಗೈಡ್ ಒಂದು ಗುಂಡು ಕೈಗೆ ಕೊಟ್ಟ. ಹತ್ತು ಏಟು ಹಾಕಿದೆ. ಉದುರಿದ್ದು ಒಂದು ಚಿಟಿಕೆ ನಶ್ಯದಷ್ಟು ಪುಡಿ. ಹಂಪಿ ಬಂಡೆಗಳಲ್ಲಿ ಸಾಲಾಗಿ ಬೆಣೆ ತೂತು ಕಾಣುತ್ತವಲ್ಲ, ಅದನ್ನು ನೋಡಿ ಬೆಳೆದವನಿಗೆ ಇದು ನಂಬಲಿಕ್ಕೇ ಆಗಲಿಲ್ಲ. ಮುಂದೆ ಗೈಡ್ ಏನು ಹೇಳಿದನೋ ನನಗೆ ಗೊತ್ತಿಲ್ಲ. ಬಿರುಕು ನೋಡುತ್ತಾ ನಿಂತುಬಿಟ್ಟೆ. ಅತ್ತೆಗೆ ಮಾತ್ರ ಕಷ್ಟ, ಮೆಟ್ಟಿಲು ಹತ್ತಿ ಇಳಿಯಬೇಕು, ನೆರಳಿಲ್ಲ. ಅವರನ್ನು ಗೇಟಿನ ಹತ್ತಿರ ಚಹಾ ಕುಡಿಯಲು ಕೂರಿಸಿ ನೀವು ಮುಕ್ಕಾಲು ಗಂಟೆಯಲ್ಲಿ ಬನ್ನಿ.

ಇನ್ನೊಂದು, ಜೆಬೆಲ್ ಎಲ್ ಸಿಲ್ಸಿಲಾ. ನಿಮ್ಮ ಪಟ್ಟಿಯಲ್ಲಿ ಇಲ್ಲ, ಆದರೆ ದಹಾಬಿಯಾಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲುತ್ತವೆ. ಕೇಳಿ ಖಾತ್ರಿ ಮಾಡಿಕೊಳ್ಳಿ. ನದಿ ಅಲ್ಲಿ ತೀರಾ ಇಕ್ಕಟ್ಟು, ಎರಡೂ ದಡದಲ್ಲಿ ಮರಳುಗಲ್ಲಿನ ಹಳೇ ಕ್ವಾರಿ. ಲಕ್ಸರ್‌ನ ಕಾರ್ನಾಕ್ ಗುಡಿಗೆ, ಎಡ್ಫುವಿಗೆ ಕಲ್ಲು ಹೋಗಿದ್ದು ಇಲ್ಲಿಂದ. ಗೋಡೆಗಳು ಬೆಲ್ಲದ ಅಚ್ಚು ಕೊಯ್ದಂತೆ ನೆಟ್ಟಗೆ ನಿಂತಿವೆ. ದೊಡ್ಡ ಹಡಗುಗಳು ಮುಂದಿನಿಂದ ಹಾರ್ನ್ ಹೊಡೆದು ಹೋಗುತ್ತವೆ, ಜನ ಮೇಲಿನಿಂದ ಫೋಟೋ ತೆಗೆಯುತ್ತಾರೆ ಅಷ್ಟೆ. ಸಣ್ಣ ಹಡಗಿಗೆ ಜಾಸ್ತಿ ದುಡ್ಡು ಕೊಟ್ಟಿದ್ದು ಇಂಥ ಕಡೆ ಇಳಿಯಲಿಕ್ಕೇ, ಅಲ್ವಾ?

ಅತ್ತೆಗೆ ಎಡ್ಫು ಒಳ್ಳೆಯದು. ಗುಡಿಯೊಳಗೆ ನೆಲ ಹೆಚ್ಚುಕಡಿಮೆ ಸಮ, ಚಾವಣಿ ಉಳಿದಿರುವುದರಿಂದ ತಂಪು. ಕ್ರಿ.ಪೂ. 237ರಲ್ಲಿ ಶುರುಮಾಡಿ 57ರಲ್ಲಿ ಮುಗಿಸಿದರಂತೆ, 180 ವರ್ಷ. ಹಡಗಿನಿಂದ ಗುಡಿಗೆ ಕುದುರೆ ಗಾಡಿ ಹತ್ತಿಸುತ್ತಾರೆ. ಕುದುರೆಗಳ ಪಕ್ಕೆಲುಬು ಎಣಿಸಬಹುದು. ನಮ್ಮ ಮನೆಯವರು ಹತ್ತಲೇ ಇಲ್ಲ. ಮೊದಲೇ ಹೇಳಿದರೆ ಆಟೋ ತರಿಸುತ್ತಾರೆ. ಕೋಮ್ ಓಂಬೋಗೆ ಸಂಜೆ ದೀಪ ಹಚ್ಚಿದ ಮೇಲೆ ಹೋಗಿ. ಅಲ್ಲಿ ಮೊಸಳೆ ಮುಖದ ದೇವರು. ಮಸಾಲೆ ತುಂಬಿ ಒಣಗಿಸಿದಂತೆ ಮೊಸಳೆ ಮಮ್ಮಿಗಳನ್ನು ಸಾಲಾಗಿ ಇಟ್ಟಿದ್ದಾರೆ. ನಮ್ಮ ತುಂಗಭದ್ರೆಯಲ್ಲೂ ಮೊಸಳೆ ಇವೆ, ಗುಡಿ ಕಟ್ಟುವಷ್ಟು ಭಕ್ತಿ ನಮಗೆ ಬರಲಿಲ್ಲ.

ಬಲೂನ್ ಬೇಡ. ಬುಟ್ಟಿಗೆ ಬಾಗಿಲಿರಲ್ಲ, ಕಾಲು ಎತ್ತಿ ಹಾಕಿ ಹತ್ತಬೇಕು. ಇಳಿಯುವಾಗ ಮೊಣಕಾಲು ಮಡಚಿ ಕೂರಬೇಕು. ನೀವಿಬ್ಬರೇ ಹೋಗಬಹುದು, ಆದರೆ ನಸುಕಿನಲ್ಲೇ ಅತ್ತೆಯ ನೋಟಿಸ್ ಜಾರಿಯಾಗುತ್ತದೆ.

ಏಜೆಂಟ್ ಹೇಳದ ಇನ್ನೆರಡು ಮಾತು. ದಹಾಬಿಯಾ ನಿಲ್ಲುವುದು ಹಳ್ಳಿಯ ದಂಡೆಗೆ, ಕಟ್ಟೆಗಲ್ಲ. ಒಂದು ಹಲಗೆ ಹಾಕುತ್ತಾರೆ, ಅದರ ಮೇಲೆ ನಡೆದು ಇಳಿಯಬೇಕು. ಹುಡುಗರು ಎರಡೂ ಕಡೆ ಕೈ ಹಿಡಿಯುತ್ತಾರೆ. ಅತ್ತೆಗೆ ಈಗಿನಿಂದಲೇ ಅಂಗಳದಲ್ಲಿ ಹಲಗೆ ಹಾಕಿ ಅಭ್ಯಾಸ ಮಾಡಿಸಿ, ತಮಾಷೆಗಲ್ಲ. ಎರಡನೆಯದು, ನೀರು ಉತ್ತರಕ್ಕೆ ಹರಿಯುತ್ತದೆ, ಗಾಳಿ ಉತ್ತರದಿಂದ ಬೀಸುತ್ತದೆ. ಅದಕ್ಕೇ ಹಾಯಿ ಬಿಚ್ಚಿದರೆ ಹೊಳೆಗೆ ಎದುರಾಗಿ ದಕ್ಷಿಣಕ್ಕೆ ಸಾಗುತ್ತದೆ. ಗಾಳಿ ನಿಂತರೆ ಸಣ್ಣ ಮೋಟರ್ ದೋಣಿ ಕಟ್ಟಿ ಎಳೆಯುತ್ತಾರೆ. ಗಾಳಿ ಇದ್ದ ಮಧ್ಯಾಹ್ನ ಏನೂ ಇಟ್ಟುಕೊಳ್ಳಬೇಡಿ. ಯೋಗ ಬೇಡ, ಪಾಠ ಬೇಡ. ಹಾಯಿ ಪಟಪಟ ಅಂದು ಒಮ್ಮೆಲೇ ಬಿಗಿದುಕೊಂಡಾಗ ಇಡೀ ಹಡಗು ಸುಮ್ಮನಾಗುತ್ತದೆ. ದಂಡೆಯಲ್ಲಿ ಕತ್ತೆ ಕೂಗಿದ್ದು ಕೇಳುತ್ತದೆ.

ಶಕ್ತಿನಗರ ರಿಟೈರ್ಡ್, ರಾಯಚೂರು

ಗುಂಡುಕಲ್ಲು ಅಣ್ಣಾವ್ರು ಅಬು ಸಿಂಬೆಲ್ ಬಗ್ಗೆ ತುಟಿ ಬಿಚ್ಚಿಲ್ಲ. ನಾನು ಹೇಳುತ್ತೇನೆ, ಅದನ್ನು ಬಿಡಬೇಡಿ.

ಹೌದು, ದೂರ. ಅಸ್ವಾನ್‌ನಿಂದ ಸುಮಾರು 280 ಕಿ.ಮೀ. ನಸುಕಿನ ನಾಲ್ಕಕ್ಕೆ ಹೊರಡಬೇಕು, ಮೂರೂವರೆ ಗಂಟೆ ಮರುಭೂಮಿ, ಮತ್ತೆ ಅಷ್ಟೇ ವಾಪಸ್. ಅತ್ತೆಗೆ ಬಸ್ ಆಗದಿದ್ದರೆ ವಿಮಾನ ಇದೆ, ಮುಕ್ಕಾಲು ಗಂಟೆ. ಬೇರೆ ಮೂರು ಟಿಕ್ ತೆಗೆದು ಆ ದುಡ್ಡನ್ನು ಇದಕ್ಕೆ ಹಾಕಿ.

ಯಾಕೆಂದರೆ ಕೇಳಿ. ನಮ್ಮ ತಾಯಿಯ ತವರೂರು ತುಂಗಭದ್ರಾ ಡ್ಯಾಮಿನ ಹಿನ್ನೀರಲ್ಲಿ ಮುಳುಗಿತು. 1953ರಲ್ಲಿ ಡ್ಯಾಮ್ ಮುಗಿದಾಗ ಅಮ್ಮ ಹುಡುಗಿ. ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮನ್ನು ಕರೆದುಕೊಂಡು ಹೋಗಿ "ಅಲ್ಲಿತ್ತು ನೋಡು ನಮ್ಮ ಹನುಮಪ್ಪನ ಗುಡಿ" ಅಂತ ನೀರಿನ ಕಡೆ ಬೆರಳು ತೋರಿಸುತ್ತಿದ್ದಳು. ನಮಗೆ ನೀರೇ ಕಾಣುತ್ತಿತ್ತು. ಅಬು ಸಿಂಬೆಲ್‌ನಲ್ಲಿ ಹೈ ಡ್ಯಾಮ್ ನೀರು ಬರುವ ಮೊದಲೇ ಇಡೀ ಗುಡಿಯನ್ನು ತುಂಡು ತುಂಡಾಗಿ ಕೊಯ್ದು 65 ಮೀಟರ್ ಮೇಲೆ ಎತ್ತಿ, 200 ಮೀಟರ್ ಹಿಂದೆ ಸರಿಸಿ ಜೋಡಿಸಿದ್ದಾರೆ. 1964ರಿಂದ 68ರವರೆಗೆ ಕೆಲಸ. ಹತ್ತಿರ ಹೋಗಿ ನೋಡಿದರೆ ಗುಡಿ ಮುಂದಿನ ರಾಜನ ಮೂರ್ತಿಯ ಮುಖದ ಮೇಲೆ ಕೊಯ್ದ ಗೆರೆ ಕಾಣುತ್ತದೆ. ಅದೇ ನೀರಲ್ಲಿ ಮುಳುಗಿದ ನುಬಿಯನ್ನರ (ಅಲ್ಲಿಯ ಮೂಲ ಜನ) ಊರುಗಳನ್ನು ಹಾಗೆ ಯಾರೂ ಎತ್ತಲಿಲ್ಲ ಅನ್ನುವುದನ್ನೂ ಗೈಡ್ ಹೇಳಿದ. ಅವನೇ ನುಬಿಯನ್. ನಾನು ಅಮ್ಮನ ಕಥೆ ಹೇಳಿದೆ. ಆಮೇಲೆ ನನ್ನಿಂದ ಭಕ್ಷೀಸು ತೆಗೆದುಕೊಳ್ಳಲೇ ಇಲ್ಲ. (ಅಲ್ಲೂ ಅದೇ ಪದ, ಬಕ್ಷೀಸ್. ಬೇರೆಯವರೆಲ್ಲ ತಪ್ಪದೇ ತೆಗೆದುಕೊಳ್ಳುತ್ತಾರೆ. ಚಿಲ್ಲರೆ ನೋಟು ಜಾಸ್ತಿ ಇಟ್ಟುಕೊಳ್ಳಿ.)

ಹೈ ಡ್ಯಾಮ್ ಟೂರ್ ಮಾತ್ರ ಧಾರಾಳವಾಗಿ ಬಿಡಿ. ಜೀವನವಿಡೀ ಕರೆಂಟ್ ತಯಾರಿಸಿದವನು ಹೇಳುತ್ತಿದ್ದೇನೆ. ಲೆಕ್ಕದಲ್ಲಿ ದೊಡ್ಡದೇ, 111 ಮೀಟರ್ ಎತ್ತರ, ಹನ್ನೆರಡು ಟರ್ಬೈನ್, 2,100 ಮೆಗಾವ್ಯಾಟ್. ನಮ್ಮ ಆರ್‌ಟಿಪಿಎಸ್ (ರಾಯಚೂರು ಥರ್ಮಲ್ ಸ್ಟೇಷನ್) 1,720. ಆದರೆ ಅದು ಕಲ್ಲು ಮಣ್ಣಿನ ಅಗಲವಾದ ಒಡ್ಡು. ಮೇಲೆ ನಿಂತರೆ ರಸ್ತೆ, ಈ ಕಡೆ ನೀರು, ಆ ಕಡೆ ಕರೆಂಟ್ ಕಂಬಗಳು. ಮುನಿರಾಬಾದ್ ಕಡೆಯಿಂದ 33 ಗೇಟ್ ತೆರೆದದ್ದು ನೋಡಿದವರಿಗೆ ಇದೇನು ಡ್ಯಾಮ್ ಅನ್ನಿಸುತ್ತದೆ.

ಗುಂಡುಕಲ್ಲು, ಕೊಪ್ಪಳ

ತುಟಿ ಬಿಚ್ಚದ್ದಕ್ಕೆ ಕಾರಣ ಇದೆ ಸರ್. ಬಸ್ಸಿನಲ್ಲಿ ನಮ್ಮ ಮನೆಯವರಿಗೆ ಬೆನ್ನು ಹಿಡಿದು ಅಲ್ಲಿ ಒಂದೂವರೆ ಗಂಟೆ ಬೆಂಚಿನ ಮೇಲೇ ಕೂತಿದ್ದರು. ಈಗಲೂ ಅದರ ಹೆಸರು ಎತ್ತುವ ಹಾಗಿಲ್ಲ ಮನೆಯಲ್ಲಿ. ವಿಮಾನ ಆದರೆ ನನ್ನ ತಕರಾರಿಲ್ಲ.

ಮಿರ್ಚಿ ಮಂಡಕ್ಕಿ, ಸಿಂಧನೂರು

ಗಂಡಸರಿಬ್ಬರೂ ಕಲ್ಲು, ಡ್ಯಾಮಿನಲ್ಲೇ ಮುಳುಗಿದರು. ಹಡಗಿನೊಳಗಿನದು ನಾನು ಹೇಳುತ್ತೇನೆ.

ಮೊದಲು ಎಚ್ಚರಿಕೆ. ನಮಗೆ ಒಬ್ಬ ಏಜೆಂಟ್ "ಸಣ್ಣ ಹಡಗು" ಅಂತ ಹೇಳಿ ಎಪ್ಪತ್ತು ಕೋಣೆಯದಕ್ಕೆ ಹತ್ತಿಸಿದ್ದರು. ಅಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ. ಬೆಳಗ್ಗೆ ಪರದೆ ಸರಿಸಿದರೆ ನೈಲ್ ಇಲ್ಲ, ಎದುರು ಹಡಗಿನಲ್ಲಿ ಒಬ್ಬ ಅಜ್ಜ ಹಲ್ಲುಜ್ಜುತ್ತಿದ್ದ. ಹಾಗಾಗಿ ಹಡಗಿನ ಹೆಸರು, ಒಟ್ಟು ಎಷ್ಟು ಕೋಣೆ ಅನ್ನೋದನ್ನು ಬರೆಸಿಕೊಳ್ಳಿ.

ಅಡುಗೆ ತರಗತಿಗೆ ಅತ್ತೆಯನ್ನು ಕೂರಿಸಿ, ಕುರ್ಚಿ ಹಾಕಿಕೊಡುತ್ತಾರೆ. ತಾಮಿಯಾ ಮಾಡಿಸುತ್ತಾರೆ. ಸಿಪ್ಪೆ ತೆಗೆದ ಒಂದು ಜಾತಿ ಅವರೆಬೇಳೆ ನೆನೆಸಿ, ಹಸಿ ಸೊಪ್ಪು ಹಾಕಿ ರುಬ್ಬಿ, ಎಳ್ಳು ಅದ್ದಿ ಕರಿಯೋದು. ನಮ್ಮ ಮಸಾಲೆ ವಡೆಯ ತಂಗಿ, ಖಾರ ಮಾತ್ರ ಹುಡುಕಬೇಕು. ಬಿಸಿಲಿನಲ್ಲಿಟ್ಟು ಹಿಟ್ಟು ಉಬ್ಬಿಸುವ ಒಂದು ರೊಟ್ಟಿ ಇದೆ, ಶಂಸಿ ಅಂತಾರೆ. ಬಳ್ಳಾರಿ ಬಿಸಿಲಿಗೆ ಹತ್ತೇ ನಿಮಿಷ ಸಾಕು ಅಂದೆ, ಬಾಣಸಿಗ ನಂಬಲಿಲ್ಲ! ಕೆಂಪು ಶರಬತ್ತು ಕೊಡುತ್ತಾರೆ, ಕರ್ಕಡೆ. ಏನೋ ವಿದೇಶಿ ಅಂದುಕೊಂಡೆ. ಒಣಗಿಸಿದ ದಳ ಕೈಯಲ್ಲಿ ಹಿಡಿದು ಕಚ್ಚಿದ ಕೂಡಲೇ ಗೊತ್ತಾಯಿತು, ನಮ್ಮ ಪುಂಡಿಪಲ್ಯದ ಜಾತಿಯದೇ ಹುಳಿ. ಅತ್ತೆಗೆ ಹೇಳಬೇಡಿ, ಅವರೇ ಕಂಡುಹಿಡಿಯಲಿ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ನಿಲುವಂಗಿ ರಾತ್ರಿಗೆ ದುಡ್ಡು ಕೊಟ್ಟು ಬಟ್ಟೆ ಕೊಳ್ಳಬೇಡಿ, ನಮ್ಮ ನೈಟಿ ಸಾಕು, ಯಾರೂ ಗುರುತು ಹಿಡಿಯಲ್ಲ. ನುಬಿಯನ್ ಹಳ್ಳಿಗೆ ದೋಣಿಯಲ್ಲಿ ಹೋಗೋದು ಚೆಂದ, ನೀಲಿ ಮನೆಗಳೂ ಚೆಂದ. ಮೊಸಳೆ ಮರಿ ಕೈಗೆ ಕೊಟ್ಟು ಫೋಟೋ ತೆಗೆಸುವ ಮನೆಗೆ ಮಾತ್ರ ನಾನು ಹೋಗಬೇಡಿ ಅನ್ನುತ್ತೇನೆ. ಮತ್ತೆ ಸ್ವೆಟರ್! ಜನವರಿ ರಾತ್ರಿ ನೀರಿನ ಮೇಲೆ ಥಂಡಿ ಹಿಡಿದುಬಿಡುತ್ತದೆ. ಬಳ್ಳಾರಿಯವರಿಗೆ ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಗೊತ್ತು, ಅದಕ್ಕೇ ಹೇಳಿದ್ದು.

ಕೌಲ್‌ಬಜಾರ್ ಅಕ್ಕ, ಬಳ್ಳಾರಿ

ಎಲ್ಲರಿಗೂ ಕೈ ಮುಗಿದೆ. ರಾತ್ರಿ ಊಟ ಆದ ಮೇಲೆ ಅತ್ತೆಗೂ ಮನೆಯವರಿಗೂ ಎಲ್ಲಾ ಓದಿ ಹೇಳಿದೆ. ಬಲೂನ್, ಹೈ ಡ್ಯಾಮ್, ಯೋಗ ಹೊಡೆದು ಹಾಕಿದೆವು. ಕಲ್ಲಿನ ಕಂಬ, ಅಡುಗೆ ಉಳಿದವು. ಅಬು ಸಿಂಬೆಲ್ ವಿಮಾನದ ರೇಟು ಕೇಳಿದ್ದೇವೆ. ಒಂದು ಮಧ್ಯಾಹ್ನ ಖಾಲಿ. ಮನೆಯವರು ಖಾಲಿ ಅನ್ನೋದಕ್ಕೂ ಟಿಕ್ ಹಾಕಿದ್ದಾರೆ!

ಅತ್ತೆ ಎಲ್ಲಾ ಕೇಳಿಸಿಕೊಂಡು ಕೇಳಿದ್ದು ಒಂದೇ. "ಅಲ್ಲಿ ಹೊಳಿಗೆ ಇಳೀಬಹುದೇನು? ಅಷ್ಟು ದೂರ ಹೋಗಿ ಗಂಗವ್ವಗ ಅರಿಷಿಣ ಕುಂಕುಮ ಏರಿಸದ ಬರೋದೇನು?" ಇದು ಯಾವ ಪಟ್ಟಿಯಲ್ಲೂ ಇಲ್ಲ. ಗುಂಡುಕಲ್ಲು ಅಣ್ಣಾವ್ರೇ, ಇಳಿಸಬಹುದಾ?

ಗುಂಡುಕಲ್ಲು, ಕೊಪ್ಪಳ

ಇಳಿಸಬೇಡಿ ಅಕ್ಕಾರೇ. ಜೊಂಡು ಬೆಳೆದ, ನೀರು ನಿಂತ ದಂಡೆಯಲ್ಲಿ ಬಸವನಹುಳುಗಳಿಂದ ಬರುವ ಒಂದು ರೋಗ ಇದೆ, ಬಿಲ್ಹಾರ್ಜಿಯಾ. ಕಾಲು ಇಟ್ಟರೂ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಬೆಳಗ್ಗೆ ಹಡಗು ನಡುಹೊಳೆಯಲ್ಲಿರುವಾಗ ಡೆಕ್ಕಿನ ಅಂಚಿಗೆ ಒಂದು ಕುರ್ಚಿ ಹಾಕಿಸಿ, ಅತ್ತೆ ಅಲ್ಲಿಂದಲೇ ಏರಿಸಲಿ. ನಮ್ಮ ಮನೆಯವರೂ ಹಾಗೇ ಮಾಡಿದರು. ಚುಕ್ಕಾಣಿ ಹಿಡಿದಿದ್ದ ಮುದುಕ ಏನೂ ಕೇಳಲಿಲ್ಲ, ತಲೆ ಬಾಗಿಸಿದ.

ಅರಿಷಿಣ ಕುಂಕುಮ ಮಾತ್ರ ದೊಡ್ಡ ಬ್ಯಾಗಿನಲ್ಲಿ ಹಾಕಿ. ಕೈಚೀಲದಲ್ಲಿ ಪುಡಿ ಕಂಡರೆ ಏರ್‌ಪೋರ್ಟಿನಲ್ಲಿ ಬಿಚ್ಚಿಸಿ ನೋಡುತ್ತಾರೆ. ನಮಗೆ ಅದಕ್ಕೇ ಇಪ್ಪತ್ತು ನಿಮಿಷ ಹೋಯಿತು.